ಎಲ್ಲೆ ಕಟ್ಟಿಕೊಂಡ ದಾನ: ಡ್ಯೂಕ್ ದತ್ತಿಯ ನೂರು ವರ್ಷ

1924ರ ಡಿಸೆಂಬರ್ 11ರಂದು ಅಮೆರಿಕದ ಹೊಗೆಸೊಪ್ಪು ಮತ್ತು ವಿದ್ಯುತ್ ಉದ್ಯಮಿ ಜೇಮ್ಸ್ ಬುಕ್ಯಾನನ್ ಡ್ಯೂಕ್ ಒಂದು ದಾನಪತ್ರಕ್ಕೆ ಸಹಿ ಹಾಕಿದರು. ಸುಮಾರು ನಾಲ್ಕು ಕೋಟಿ ಡಾಲರ್ ಬೆಲೆಯ ಷೇರುಗಳು ಅಂದಿನಿಂದ 'ಡ್ಯೂಕ್ ಎಂಡೋಮೆಂಟ್' ಎಂಬ ದತ್ತಿಯ ಪಾಲಾದವು. ಆ ಪತ್ರವನ್ನು ಓದಲು ಕೂತವರಿಗೆ ಮೊದಲು ಎದ್ದು ಕಾಣುವುದು ಅದರ ಲೆಕ್ಕ. ವರ್ಷದ ಆದಾಯದಲ್ಲಿ ಐದರಲ್ಲೊಂದು ಪಾಲು ಮೂಲಧನಕ್ಕೇ ಮರಳಬೇಕು, ಅದೂ ಇನ್ನೊಂದು ನಾಲ್ಕು ಕೋಟಿ ಕೂಡುವ ತನಕ. ಉಳಿದದ್ದರಲ್ಲಿ ಡ್ಯೂಕ್ ವಿಶ್ವವಿದ್ಯಾಲಯಕ್ಕೆ ಶೇ. 32, ಆಸ್ಪತ್ರೆಗಳಿಗೆ ಶೇ. 32, ಅನಾಥ ಮಕ್ಕಳಿಗೆ ಶೇ. 10, ಡೇವಿಡ್ಸನ್ ಕಾಲೇಜಿಗೆ ಮತ್ತು ಫರ್ಮನ್ ವಿಶ್ವವಿದ್ಯಾಲಯಕ್ಕೆ ತಲಾ ಶೇ. 5, ಷಾರ್ಲೆಟ್‌ನ ಜಾನ್ಸನ್ ಸಿ. ಸ್ಮಿತ್ ವಿಶ್ವವಿದ್ಯಾಲಯಕ್ಕೆ ಶೇ. 4, ಹಳ್ಳಿಗಾಡಿನ ಮೆಥಡಿಸ್ಟ್ ಚರ್ಚುಗಳನ್ನು ಕಟ್ಟಲು ಶೇ. 6, ನಡೆಸಲು ಶೇ. 4, ಕೈಲಾಗದೆ ಮನೆ ಸೇರಿದ ಚರ್ಚಿನ ಬೋಧಕರಿಗೂ ತೀರಿಕೊಂಡ ಬೋಧಕರ ಹೆಂಡತಿ ಮಕ್ಕಳಿಗೂ ಶೇ. 2. ಮನೆ ಹಿಸೆಯಾಗುವಾಗ ಹಿರಿಯರು ಕೂತು ಬರೆಸುವ ಪಾಲುಪಟ್ಟಿಯಷ್ಟೇ ಖಚಿತ ಇದು. ಯಾರಿಗೆ ಎಷ್ಟು ಎಂಬ ಮಾತು ಮುಂದಿನವರ ಮರ್ಜಿಗೆ ಉಳಿಯಲಿಲ್ಲ.

ಇನ್ನೊಂದು ಕಟ್ಟು ಇದಕ್ಕಿಂತ ಗಟ್ಟಿಯಾದದ್ದು. ಈ ಹಣವೆಲ್ಲ ಉತ್ತರ ಕೆರೊಲಿನಾ, ದಕ್ಷಿಣ ಕೆರೊಲಿನಾ ಎಂಬ ಎರಡು ರಾಜ್ಯಗಳ ಒಳಗೇ ಖರ್ಚಾಗಬೇಕು. ಚರ್ಚುಗಳ ಬಾಬತ್ತಂತೂ ಉತ್ತರ ಕೆರೊಲಿನಾಕ್ಕೆ ಮಾತ್ರ. ಡ್ಯೂಕರ ವ್ಯಾಪಾರ ನ್ಯೂಯಾರ್ಕ್, ಲಂಡನ್, ಚೀನಾದವರೆಗೆ ಹಬ್ಬಿತ್ತು. ಅವರ ಮನೆಗಳಲ್ಲಿ ಒಂದು ನ್ಯೂಯಾರ್ಕ್ ನಗರದ ನಡುಮಧ್ಯದಲ್ಲಿತ್ತು, ಇನ್ನೊಂದು ನ್ಯೂ ಜೆರ್ಸಿಯ ತೋಟದಲ್ಲಿತ್ತು. ಇಷ್ಟಿದ್ದೂ ಕೊಡುವ ಹೊತ್ತು ಬಂದಾಗ ಅವರು ತಾವು ಹುಟ್ಟಿದ ಸೀಮೆಗೆ ಮರಳಿದರು. ಈ ಎಲ್ಲೆಯೇ ದತ್ತಿಯ ಶಕ್ತಿ ಎಂದು ನಾನು ಬಲವಾಗಿ ನಂಬಿದ್ದೇನೆ. ಕಾರಣವನ್ನು ಮುಂದೆ ಹೇಳುತ್ತೇನೆ.

ಕನ್ನಡ ಕೂಟದ ಸ್ಮರಣ ಸಂಚಿಕೆಗೆ ಈ ವಿಷಯವನ್ನೇ ನಾನು ಆರಿಸಿಕೊಂಡದ್ದಕ್ಕೂ ಕಾರಣವಿದೆ. ಉದ್ಯೋಗಕ್ಕೆಂದು ಬಂದು ರಾಲೀ, ಕೇರಿ, ಡರ್ಹಮ್, ಷಾರ್ಲೆಟ್‌ಗಳಲ್ಲಿ ನೆಲೆ ನಿಂತ ನಮಗೆ ಡ್ಯೂಕ್ ಎಂಬ ಹೆಸರು ಬರುವುದು ತಿಂಗಳ ಕರೆಂಟು ಬಿಲ್ಲಿನ ಮೇಲೆ, ಆಸ್ಪತ್ರೆಯ ಬಾಗಿಲ ಮೇಲೆ, ಬ್ಯಾಸ್ಕೆಟ್‌ಬಾಲ್ ಆಟದ ದಿನ ಮಕ್ಕಳ ಬಾಯಲ್ಲಿ. ನಮ್ಮಲ್ಲಿ ಎಷ್ಟೋ ಮನೆಗಳ ಬಾಣಂತನ ಆಗಿದ್ದು ಇಲ್ಲಿನ ಆಸ್ಪತ್ರೆಗಳಲ್ಲಿ. ಆದರೆ ಕರೆಂಟು, ಆಸ್ಪತ್ರೆ, ಕಾಲೇಜು ಈ ಮೂರನ್ನೂ ಒಂದೇ ದಾರದಲ್ಲಿ ಪೋಣಿಸಿದ ಕುಟುಂಬದ ಕಥೆ ನಮಗೆ ಅಷ್ಟಾಗಿ ಗೊತ್ತಿಲ್ಲ. ಬಂದ ನೆಲದ ಋಣ ಅರಿಯಬೇಕಾದರೆ ಆ ನೆಲದವರು ಒಬ್ಬರಿಗೊಬ್ಬರು ಏನು ಮಾಡಿಕೊಂಡರು, ಏನು ಮಾಡಿಕೊಳ್ಳಲಿಲ್ಲ ಎಂಬುದನ್ನೂ ತಿಳಿಯಬೇಕಲ್ಲವೇ?

ಕಥೆ ಶುರುವಾಗುವುದು ಡರ್ಹಮ್ ಹೊರವಲಯದ ಹೊಲದಲ್ಲಿ. ಜೇಮ್ಸ್ ಹುಟ್ಟಿದ್ದು 1856ರ ಡಿಸೆಂಬರಿನಲ್ಲಿ. 1858ರಲ್ಲಿ ವಿಷಮಶೀತ ಜ್ವರ ಆ ಮನೆಗೆ ಹೊಕ್ಕು ತಾಯಿ ಆರ್ಟೇಲಿಯಾಳನ್ನೂ ಆಕೆಯ ಮಲಮಗ ಸಿಡ್ನಿಯನ್ನೂ ಕೊಂಡೊಯ್ಯಿತು. ಎರಡು ವರ್ಷ ತುಂಬದ ಕೂಸು ತಬ್ಬಲಿಯಾಯಿತು. ತಂದೆ ವಾಷಿಂಗ್ಟನ್ ಡ್ಯೂಕ್ ರೈತ. ಅಂತರ್ಯುದ್ಧಕ್ಕೆ ಮೊದಲು ಆ ಮನೆಯಲ್ಲೂ ಗುಲಾಮಗಿರಿಯ ದುಡಿಮೆ ಇತ್ತು. ಅದನ್ನು ಮರೆಮಾಚಿ ಚರಿತ್ರೆ ಬರೆಯಲಾಗದು. ಅಂತರ್ಯುದ್ಧದಲ್ಲಿ ದಕ್ಷಿಣದ ಪಡೆಗೆ ಸೇರಿಸಲ್ಪಟ್ಟು ಸೆರೆ ಸಿಕ್ಕ ವಾಷಿಂಗ್ಟನ್, 1865ರಲ್ಲಿ ಕರಾವಳಿಯ ನ್ಯೂ ಬರ್ನ್‌ನಲ್ಲಿ ಬಿಡುಗಡೆಯಾಗಿ ಇನ್ನೂರು ಕಿಲೋಮೀಟರಿಗೂ ಹೆಚ್ಚಿನ ದಾರಿಯನ್ನು ನಡೆದೇ ಮನೆ ಸೇರಿದರು. ಸೈನಿಕರು ದೋಚಿದ ಮೇಲೂ ಅಷ್ಟಿಷ್ಟು ಹೊಗೆಸೊಪ್ಪು ಮನೆಯಲ್ಲಿ ಉಳಿದಿತ್ತು. ಅದನ್ನು ಬಡಿದು, ಜರಡಿ ಹಿಡಿದು, ಚೀಲಕ್ಕೆ ತುಂಬಿ, ಗಾಡಿಯ ಮೇಲೆ ಹೇರಿಕೊಂಡು ಮಾರಲು ಹೊರಟರು. ಮಕ್ಕಳೂ ಕೈಜೋಡಿಸಿದರು. ಆ ಮನೆ, ಆ ಕೊಟ್ಟಿಗೆ ಈಗಲೂ ಡರ್ಹಮ್‌ನಲ್ಲಿ ರಾಜ್ಯದ ಸಂರಕ್ಷಿತ ತಾಣವಾಗಿ ಉಳಿದಿವೆ. ಇನ್ನೂ ನೋಡದವರು ಒಂದು ದಿನ ಬಿಡುವು ಮಾಡಿಕೊಂಡು ಹೋಗಿ ಬರಬೇಕು.

ಮುಂದಿನದು ಜಗತ್ತು ಬಲ್ಲ ಕಥೆ, ಬೇಗ ಹೇಳಿಬಿಡುತ್ತೇನೆ. 1880ರ ದಶಕದಲ್ಲಿ ಜೇಮ್ಸ್ ಸಿಗರೇಟಿಗೆ ಇಳಿದರು. ಕೈಯಲ್ಲಿ ಸುತ್ತುವವರು ದಿನಕ್ಕೆ ಎರಡು ಮೂರು ಸಾವಿರ ಸುತ್ತುತ್ತಿದ್ದ ಕಾಲದಲ್ಲಿ ಬಾನ್ಸಾಕ್ ಯಂತ್ರ ಲಕ್ಷಕ್ಕೂ ಮಿಕ್ಕಿ ಉದುರಿಸತೊಡಗಿತು. 1890ರಲ್ಲಿ ಎದುರಾಳಿಗಳನ್ನೆಲ್ಲ ಒಳಗೆ ಸೇರಿಸಿಕೊಂಡು ಅಮೆರಿಕನ್ ಟೊಬ್ಯಾಕೊ ಕಂಪನಿ ಎದ್ದಿತು. ಕೊಳ್ಳುವವನು ಒಬ್ಬನೇ ಆದಾಗ ಬೆಳೆದವನ ಗತಿ ಏನಾಗುತ್ತದೋ ಅದೇ ಕೆರೊಲಿನಾದ ಹೊಗೆಸೊಪ್ಪಿನ ರೈತರಿಗೂ ಆಯಿತು. 1911ರಲ್ಲಿ ಸುಪ್ರೀಂ ಕೋರ್ಟ್ ಆ ಏಕಸ್ವಾಮ್ಯವನ್ನು ಒಡೆಯಿತು. ಸಿಗರೇಟು ಎಷ್ಟು ಜೀವ ತೆಗೆಯಿತು ಎಂಬುದು ಗೊತ್ತಾಗಿದ್ದು ಆಮೇಲಿನ ದಶಕಗಳಲ್ಲಿ. ದತ್ತಿಯ ಬೇರಿನಲ್ಲಿ ಈ ಹಣವೂ ಇದೆ. ಒಳ್ಳೆಯ ಕೆಲಸಗಳ ಪಟ್ಟಿ ಎಷ್ಟೇ ಉದ್ದವಾದರೂ ಆ ಸಾಲು ಅಳಿಸಿಹೋಗುವುದಿಲ್ಲ.

ಆದರೆ ದತ್ತಿಯ ಮೂಲಧನದಲ್ಲಿ ದೊಡ್ಡ ಪಾಲು ಹೊಗೆಸೊಪ್ಪಿನದಲ್ಲ, ನೀರಿನದು. ಕಾಲಿನ ಸೋಂಕಿಗೆ ಚಿಕಿತ್ಸೆ ಕೊಡಲು ಬರುತ್ತಿದ್ದ ಡಾ. ವಾಕರ್ ಗಿಲ್ ವೈಲಿ ಮಾತಿನ ನಡುವೆ ಕಟಾಬಾ ನದಿಯ ಜಲವಿದ್ಯುತ್ತಿನ ವಿಷಯ ಎತ್ತಿದರು, ಡ್ಯೂಕ್ ಕಿವಿಗೊಟ್ಟರು ಎಂದು ಹೇಳುತ್ತಾರೆ. ಎಂಜಿನಿಯರ್ ವಿಲಿಯಂ ಸ್ಟೇಟ್ಸ್ ಲೀ ಜೊತೆಗೂಡಿದರು. 1905ರಲ್ಲಿ ಸದರ್ನ್ ಪವರ್ ಕಂಪನಿ ಹುಟ್ಟಿತು. ಮುಂದೆ ಅದೇ ಡ್ಯೂಕ್ ಪವರ್ ಆಯಿತು. ಅವರ ಯೋಚನೆ ಒಂದೆರಡು ಅಣೆಕಟ್ಟಿಗೆ ನಿಲ್ಲಲಿಲ್ಲ. ಇಡೀ ನದಿಗೆ ಮೆಟ್ಟಿಲು ಮೆಟ್ಟಿಲಾಗಿ ಕಟ್ಟೆ ಹಾಕಿ, ಕೇಂದ್ರಗಳನ್ನು ಒಂದೇ ತಂತಿಯ ಜಾಲಕ್ಕೆ ಸೇರಿಸಿ, ಹತ್ತಿ ಗಿರಣಿಗಳಿಗೆ ಕರೆಂಟು ಕೊಡುವುದು ಅವರ ಲೆಕ್ಕ. ಗಿರಣಿ ಮಾಲೀಕರು ಮೊದಮೊದಲು ಹಿಂದೇಟು ಹಾಕಿದರು, ತಂತಿಯಲ್ಲಿ ಬರುವ ಶಕ್ತಿಯನ್ನು ಅವರು ನಂಬಿರಲಿಲ್ಲ. ಡ್ಯೂಕ್ ಗಿರಣಿಗಳಿಗೂ ಬಂಡವಾಳ ಹಾಕಿ ಒಪ್ಪಿಸಿದರು. 1916ರ ಜುಲೈನ ಮಹಾಪೂರ ಕಟಾಬಾ ದಂಡೆಯ ಕಟ್ಟೆ, ಸೇತುವೆಗಳನ್ನು ಕೊಚ್ಚಿಕೊಂಡು ಹೋಯಿತು. ಮತ್ತೆ ಕಟ್ಟಿದರು.

ದಾನಪತ್ರದಲ್ಲೇ ಡ್ಯೂಕ್ ಈ ನಂಟನ್ನು ಬಿಡಿಸಿ ಬರೆದಿದ್ದಾರೆ. ಈ ಸೀಮೆಯ ನೀರಿನಿಂದ ಬರುವ ವಿದ್ಯುತ್ತು ಈ ಸೀಮೆಯ ಕೈಗಾರಿಕೆಯನ್ನು ಬೆಳೆಸಬೇಕು, ಅದರ ಲಾಭ ಈ ಸೀಮೆಯ ಜನಕ್ಕೇ ಆಸ್ಪತ್ರೆಯಾಗಿ, ಶಾಲೆಯಾಗಿ ಹಿಂತಿರುಗಬೇಕು ಎಂಬುದು ಅವರ ಆಶಯ. ಅದಕ್ಕೆಂದೇ ಟ್ರಸ್ಟಿಗಳೆಲ್ಲ ಒಮ್ಮತವಾಗಿ ಒಪ್ಪದ ಹೊರತು ವಿದ್ಯುತ್ ಕಂಪನಿಯ ಷೇರು ಮಾರಕೂಡದೆಂದು ಕಟ್ಟು ಹಾಕಿದರು. ಕರೆಂಟಿನ ಬಿಲ್ಲು ಕಟ್ಟುವ ಗಿರಣಿಯ ಊರಿಗೇ ಆಸ್ಪತ್ರೆಯ ಹಣವೂ ಬರಬೇಕಿತ್ತು. ಒಂದೇ ಕುಟುಂಬದ ಕೈಯಲ್ಲಿ ಇಷ್ಟೆಲ್ಲ ಇರುವುದು ಸರಿಯೇ ಎಂದು ಕೇಳಿದವರು ಆಗಲೂ ಇದ್ದರು. ಕೇಳಬೇಕಾದ ಪ್ರಶ್ನೆಯೇ ಅದು. ಆದರೆ ಗಳಿಸಿದ ಕಡೆಗೇ ಲಾಭವನ್ನು ಕಟ್ಟಿಹಾಕುವ ಈ ಬಗೆ ಆ ಕಾಲದ ದೊಡ್ಡ ಸಾಹುಕಾರರಲ್ಲಿ ಅಪರೂಪ.

ಕೊಡುವ ರೂಢಿ ಈ ಮನೆಗೆ 1924ರಲ್ಲಿ ಬಂದದ್ದೂ ಅಲ್ಲ. ಹಳ್ಳಿಯಲ್ಲಿದ್ದ ಟ್ರಿನಿಟಿ ಕಾಲೇಜು 1892ರಲ್ಲಿ ಡರ್ಹಮ್‌ಗೆ ಬಂದದ್ದು ವಾಷಿಂಗ್ಟನ್ ಡ್ಯೂಕರ ನೆರವಿನಿಂದ. 1896ರಲ್ಲಿ ಅವರು ಅದೇ ಕಾಲೇಜಿಗೆ ಒಂದು ಲಕ್ಷ ಡಾಲರ್ ಕೊಡಲು ಮುಂದೆ ಬಂದು ಒಂದೇ ಷರತ್ತು ಹಾಕಿದರು: ಗಂಡುಮಕ್ಕಳಿಗೆ ಸರಿಸಮವಾಗಿ ಹೆಣ್ಣುಮಕ್ಕಳನ್ನೂ ಸೇರಿಸಿಕೊಳ್ಳಬೇಕು. ಕಾಲೇಜು ಒಪ್ಪಿತು. ಅಣ್ಣ ಬೆಂಜಮಿನ್ ಡ್ಯೂಕ್ ವರ್ಷವರ್ಷವೂ ಸದ್ದಿಲ್ಲದೆ ಕಾಲೇಜುಗಳಿಗೆ, ಅನಾಥಾಲಯಗಳಿಗೆ, ಚರ್ಚುಗಳಿಗೆ ಕೊಡುತ್ತ ಬಂದರು. ಕುಟುಂಬದ ದಾನದ ಕೆಲಸವನ್ನು ದಿನನಿತ್ಯ ನೋಡಿಕೊಂಡವರು ಅವರೇ. ಜೇಮ್ಸ್ ಹೆಸರಿನ ನೆರಳಲ್ಲಿ ಅವರ ಹೆಸರು ಮಸುಕಾಗಿದ್ದು ನನಗೆ ಅನ್ಯಾಯವಾಗಿ ಕಾಣುತ್ತದೆ.

1901ರ ಲಿಂಕನ್ ಆಸ್ಪತ್ರೆಯ ಕಥೆಯನ್ನು ತುಸು ಬಿಡಿಸಿ ಹೇಳಬೇಕು. ಡರ್ಹಮ್‌ನ ಕರಿಯ ಜನಕ್ಕೆ ಒಳ್ಳೆಯ ಆಸ್ಪತ್ರೆ ಇರಲಿಲ್ಲ. ಜಾನ್ ಮೆರಿಕ್ ಎಂಬವರು ಆ ಊರಿನ ಕ್ಷೌರಿಕರು, ಗುಲಾಮಗಿರಿಯಲ್ಲೇ ಹುಟ್ಟಿದವರು. ವಾಷಿಂಗ್ಟನ್ ಡ್ಯೂಕರ ಗಡ್ಡ ಹೆರೆಯುತ್ತಿದ್ದವರೂ ಅವರೇ. ಆ ಕುರ್ಚಿಯ ಪಕ್ಕದಲ್ಲಿ ನಿಂತು ವ್ಯಾಪಾರದ ಮಾತು ಕೇಳುತ್ತ, ಕಲಿಯುತ್ತ ಅವರು 1898ರಲ್ಲಿ ಸಂಗಡಿಗರೊಂದಿಗೆ ಒಂದು ವಿಮಾ ಕಂಪನಿ ಕಟ್ಟಿದರು. ಮುಂದೆ ನಾರ್ತ್ ಕೆರೊಲಿನಾ ಮ್ಯೂಚುವಲ್ ಎಂದು ದೇಶದಲ್ಲೇ ಹೆಸರಾದ ಕರಿಯರ ಕಂಪನಿ ಅದೇ. ಡರ್ಹಮ್‌ನ ಮೊದಲ ಕರಿಯ ವೈದ್ಯ ಡಾ. ಆರನ್ ಮೂರ್ ಮತ್ತು ಮೆರಿಕ್ ಕೂಡಿ ಡ್ಯೂಕ್ ಕುಟುಂಬದ ಬಳಿ ಆಸ್ಪತ್ರೆಯ ಬೇಡಿಕೆ ಇಟ್ಟು ಒಪ್ಪಿಸಿದರು. ದಾನದ ಚರಿತ್ರೆಯಲ್ಲಿ ಕೊಟ್ಟವರ ಹೆಸರು ಕಲ್ಲಿನ ಮೇಲೆ ಉಳಿಯುತ್ತದೆ. ಏನು ಬೇಕು, ಯಾಕೆ ಬೇಕು ಎಂದು ನಿಂತು ಹೇಳಿದವರ ಹೆಸರನ್ನು ನಾವೇ ಹುಡುಕಿ ಬರೆಯಬೇಕು.

ಇನ್ನು ದಾನಪತ್ರದ ಆಸ್ಪತ್ರೆ ಭಾಗಕ್ಕೆ ಬರುತ್ತೇನೆ. ನನ್ನ ಮಟ್ಟಿಗೆ ಈ ಸಂಸ್ಥೆಯ ತಿರುಳು ಇರುವುದೇ ಅಲ್ಲಿ. 1920ರ ದಶಕದ ಕೆರೊಲಿನಾ ಬಡ ಸೀಮೆ. ಬರಿಗಾಲಲ್ಲಿ ಓಡಾಡುವ ಮಕ್ಕಳಿಗೆ ಕೊಕ್ಕೆಹುಳು. ಮೆಕ್ಕೆಜೋಳದ ಹಿಟ್ಟು, ಹಂದಿಯ ಕೊಬ್ಬು, ಕಾಕಂಬಿ ಬಿಟ್ಟರೆ ಬೇರೆ ಕಾಣದ ಗಿರಣಿ ಕೇರಿಗಳಲ್ಲಿ ಪೆಲ್ಲಾಗ್ರಾ. ಆ ರೋಗದ ಮೂಲ ಊಟದಲ್ಲಿದೆ ಎಂದು ಡಾ. ಜೋಸೆಫ್ ಗೋಲ್ಡ್‌ಬರ್ಗರ್ ತೋರಿಸಿಕೊಟ್ಟ ಅಧ್ಯಯನದ ದೊಡ್ಡ ಭಾಗ ನಡೆದದ್ದು ದಕ್ಷಿಣ ಕೆರೊಲಿನಾದ ಗಿರಣಿ ಊರುಗಳಲ್ಲೇ. ಹಳ್ಳಿಯ ಕಡೆ ಆಸ್ಪತ್ರೆ ಅಂದರೆ ವೈದ್ಯರೊಬ್ಬರು ತಮ್ಮ ಮನೆಯ ಮೇಲ್ಮಹಡಿಯಲ್ಲಿ ನಡೆಸುವ ನಾಲ್ಕಾರು ಹಾಸಿಗೆಯ ಖಾಸಗಿ ವ್ಯವಹಾರ. ದುಡ್ಡಿಲ್ಲದವರಿಗೆ ಅಲ್ಲಿ ಎಡೆಯಿಲ್ಲ.

ದಾನಪತ್ರ ಇದಕ್ಕೆ ಕಂಡುಕೊಂಡ ದಾರಿ ಸರಳವಾದದ್ದು. ಲಾಭಕ್ಕಾಗಿ ನಡೆಸದ ಯಾವುದೇ ಆಸ್ಪತ್ರೆ, ಬಿಳಿಯರದಿರಲಿ ಕರಿಯರದಿರಲಿ, ಕೊಡಲಾರದ ರೋಗಿಯನ್ನು ಪುಕ್ಕಟೆಯಾಗಿ ಮಲಗಿಸಿಕೊಂಡರೆ ಆ ಹಾಸಿಗೆಗೆ ದಿನಕ್ಕೆ ಒಂದು ಡಾಲರ್ ಮೀರದಂತೆ ದತ್ತಿ ಕೊಡುತ್ತದೆ. ಒಬ್ಬ ಬಡ ಹೆಂಗಸು ಒಂಬತ್ತು ದಿನ ಮಲಗಿದ್ದರೆ ಒಂಬತ್ತು ಡಾಲರ್. ಅಷ್ಟರಿಂದ ಆಸ್ಪತ್ರೆಯ ಖರ್ಚೆಲ್ಲ ತುಂಬುತ್ತಿರಲಿಲ್ಲ. ಉಳಿದದ್ದನ್ನು ಊರವರು, ಕೌಂಟಿಯವರು, ಆಸ್ಪತ್ರೆಯವರು ಹೊಂದಿಸಿಕೊಳ್ಳಬೇಕಿತ್ತು. ಹಾಗೆ ಕೊಟ್ಟು ಮಿಕ್ಕ ಹಣದಲ್ಲಿ ಹೊಸ ಆಸ್ಪತ್ರೆಗಳನ್ನು ಕಟ್ಟಲು, ಸಲಕರಣೆ ಕೊಳ್ಳಲು ನೆರವು.

ಈ ಒಂದು ಡಾಲರ್ ಪಡೆಯಬೇಕಾದರೆ ಲೆಕ್ಕ ಕೊಡಬೇಕು. ಯಾವ ರೋಗಿ, ಯಾವ ದಿನ ಬಂದರು, ಯಾವ ದಿನ ಹೋದರು, ಪುಕ್ಕಟೆಯೋ ಅಲ್ಲವೋ, ಹಾಸಿಗೆಗೆ ತಗಲಿದ ಖರ್ಚೆಷ್ಟು ಎಂಬುದೆಲ್ಲ ಕಾಗದದ ಮೇಲೆ ಬರಬೇಕು. ಅಂದಿನ ಸಣ್ಣ ಆಸ್ಪತ್ರೆಗಳಲ್ಲಿ ಇಂಥ ಪುಸ್ತಕವೇ ಸರಿಯಾಗಿ ಇರಲಿಲ್ಲ. ಇದನ್ನು ಕಲಿಸಿದವರು ಡಾ. ವಾಟ್ಸನ್ ಸ್ಮಿತ್ ರಾಂಕಿನ್. 1909ರಿಂದ ಉತ್ತರ ಕೆರೊಲಿನಾದ ಆರೋಗ್ಯಾಧಿಕಾರಿಯಾಗಿ ಹಳ್ಳಿಹಳ್ಳಿ ತಿರುಗಿ ಕೊಕ್ಕೆಹುಳುವಿನ ವಿರುದ್ಧ ಕೆಲಸ ಮಾಡಿದವರು ಅವರು. 1925ರಲ್ಲಿ ಎಂಡೋಮೆಂಟಿನ ಆಸ್ಪತ್ರೆ ಮತ್ತು ಅನಾಥಾಲಯ ವಿಭಾಗದ ಹೊಣೆ ಹೊತ್ತರು. ಎಲ್ಲ ಆಸ್ಪತ್ರೆಗಳೂ ಒಂದೇ ನಮೂನೆಯಲ್ಲಿ ಲೆಕ್ಕ ಬರೆಯುವಂತೆ ಮಾಡಿದರು. ಆಗ ಒಂದು ಊರಿನ ಆಸ್ಪತ್ರೆಯನ್ನು ಇನ್ನೊಂದರ ಪಕ್ಕದಲ್ಲಿಟ್ಟು ನೋಡಲು ಸಾಧ್ಯವಾಯಿತು: ಇಲ್ಲಿ ಹಾಸಿಗೆ ಖಾಲಿ ಬಿದ್ದಿವೆ, ಅಲ್ಲಿ ರೋಗಿಗಳು ಬಾಗಿಲಲ್ಲಿ ಕಾಯುತ್ತಿದ್ದಾರೆ, ಇಲ್ಲಿ ಖರ್ಚು ಹೆಚ್ಚು, ಅಲ್ಲಿ ಕಡಿಮೆ, ಯಾಕೆ? ಊರವರು ಆಸ್ಪತ್ರೆ ಕಟ್ಟುತ್ತೇವೆ ಎಂದು ಬಂದರೆ ಎಷ್ಟು ಹಾಸಿಗೆ ಬೇಕು, ನಡೆಸಲು ಎಲ್ಲಿಂದ ತರುತ್ತೀರಿ ಎಂದು ಕೂತು ಲೆಕ್ಕ ಹಾಕಿ ಹೇಳುವ ಜನ ದತ್ತಿಯಲ್ಲಿ ತಯಾರಾದರು.

ಎಲ್ಲೆಯೇ ಶಕ್ತಿ ಎಂದು ನಾನು ಹೇಳಿದ್ದು ಇದಕ್ಕಾಗಿ. ದೇಶವೆಲ್ಲ ಹರಡಿ ಕೊಡುವ ಸಂಸ್ಥೆಗೆ ಒಂದೊಂದು ಕೌಂಟಿಯ ಹಾಸಿಗೆ ಎಣಿಸುವ ವ್ಯವಧಾನ ಇರುತ್ತಿರಲಿಲ್ಲ. ಎರಡೇ ರಾಜ್ಯ, ವರ್ಷವರ್ಷವೂ ಅದೇ ಆಸ್ಪತ್ರೆಗಳು, ಅದೇ ಡಾಕ್ಟರುಗಳು. ಕೊಡುವವರಿಗೂ ಪಡೆಯುವವರಿಗೂ ಒಬ್ಬರನ್ನೊಬ್ಬರು ಬಿಟ್ಟು ಹೋಗುವ ದಾರಿಯಿಲ್ಲ. ಕೆಟ್ಟ ನಿರ್ಧಾರ ಆದರೆ ಮುಂದಿನ ವರ್ಷ ಅದೇ ಊರಿನಲ್ಲಿ ಅದರ ಫಲ ಕಾಣುತ್ತಿತ್ತು.

1930ರ ದಶಕದ ಮುಗ್ಗಟ್ಟಿನಲ್ಲಿ ದುಡ್ಡು ಕೊಡುವ ರೋಗಿಗಳೂ ಕೊಡಲಾರದವರಾದರು. ಆಗ ತಿಂಗಳಿಗಿಷ್ಟು ಎಂದು ಮುಂಗಡವಾಗಿ ಕಟ್ಟಿ ಆಸ್ಪತ್ರೆ ಖರ್ಚಿನ ಭಯ ಹಂಚಿಕೊಳ್ಳುವ ಯೋಜನೆಗಳು ಇಲ್ಲೂ ಶುರುವಾದವು. ಡರ್ಹಮ್‌ನಲ್ಲಿ 1933ರಲ್ಲಿ ಒಂದು, ಚಾಪೆಲ್ ಹಿಲ್‌ನಲ್ಲಿ 1935ರಲ್ಲಿ ಇನ್ನೊಂದು. ಎರಡನೆಯದು ಕಾಲೂರಲು ಎಂಡೋಮೆಂಟಿನ ಹಣ ಬೆನ್ನಿಗಿತ್ತು. ಈ ಎರಡೂ 1968ರಲ್ಲಿ ಒಂದಾಗಿ ಇವತ್ತಿನ ಬ್ಲೂ ಕ್ರಾಸ್ ಬ್ಲೂ ಶೀಲ್ಡ್ ಆಫ್ ನಾರ್ತ್ ಕೆರೊಲಿನಾ ಆಗಿವೆ. ನಮ್ಮಲ್ಲಿ ಎಷ್ಟೋ ಜನರ ಪರ್ಸಿನಲ್ಲಿ ಅದರ ಕಾರ್ಡು ಇದೆ.

ಸಹಿ ಹಾಕಿದ ಹತ್ತೇ ತಿಂಗಳಿಗೆ, 1925ರ ಅಕ್ಟೋಬರ್ 10ರಂದು, ಜೇಮ್ಸ್ ಡ್ಯೂಕ್ ತೀರಿಕೊಂಡರು. ತಾನು ಬರೆಸಿದ್ದರ ಫಲ ಕಾಣಲು ಅವರಿಗೆ ಆಯುಷ್ಯ ಸಾಲಲಿಲ್ಲ. ಉಯಿಲಿನ ಮೂಲಕ ದತ್ತಿಗೆ ಇನ್ನೂ ಕೋಟಿಗಟ್ಟಲೆ ಸೇರಿತು. ಟ್ರಿನಿಟಿ ಕಾಲೇಜು 1924ರ ಡಿಸೆಂಬರ್ ಕೊನೆಯಲ್ಲೇ ಡ್ಯೂಕ್ ವಿಶ್ವವಿದ್ಯಾಲಯವಾಗಿತ್ತು. ಅಧ್ಯಕ್ಷ ವಿಲಿಯಂ ಪ್ರೆಸ್ಟನ್ ಫ್ಯೂ ಅವರ ಕಾಲದಲ್ಲಿ ಕಾಡು ಕಡಿದು ಕಲ್ಲಿನ ಹೊಸ ಆವರಣ ಎದ್ದಿತು, 1930ರ ಜುಲೈನಲ್ಲಿ ಆಸ್ಪತ್ರೆ ತೆರೆಯಿತು.

ಆ ಕಲ್ಲಿನ ಕಟ್ಟಡಗಳನ್ನು, ಆಕಾಶಕ್ಕೆ ಚಾಚಿದ ಚಾಪೆಲ್ ಅನ್ನು ನೋಡಿ ಮೆಚ್ಚದವರಿಲ್ಲ. ಅವುಗಳ ನಕ್ಷೆ ರೂಪಿಸಿದ್ದು ಫಿಲಡೆಲ್ಫಿಯಾದ ಹೊರೇಸ್ ಟ್ರಂಬೌರ್ ಕಚೇರಿಯ ಮುಖ್ಯ ವಿನ್ಯಾಸಕ ಜೂಲಿಯನ್ ಅಬೇಲ್. ಅವರು ಕರಿಯರು. ಅವರ ಕೈಯ ಗೆರೆಗಳಿಂದ ಎದ್ದ ವಿಶ್ವವಿದ್ಯಾಲಯಕ್ಕೆ ಅವರ ಜನ ವಿದ್ಯಾರ್ಥಿಗಳಾಗಿ ಸೇರಲು 1961ರವರೆಗೆ ಕಾಯಬೇಕಾಯಿತು. ಪದವಿ ತರಗತಿಗಳಿಗೆ 1963. ಅಬೇಲ್ 1950ರಲ್ಲೇ ತೀರಿಕೊಂಡಿದ್ದರು. 2016ರಲ್ಲಿ ಆವರಣದ ಮುಖ್ಯ ಅಂಗಳಕ್ಕೆ ಅವರ ಹೆಸರಿಟ್ಟರು. ಇದನ್ನು ಓದುವಾಗಲೆಲ್ಲ ನನಗೆ ಸಂಕಟವಾಗುತ್ತದೆ. ದಾನಪತ್ರ ಕರಿಯರನ್ನು ಮರೆತಿರಲಿಲ್ಲ ಎಂಬುದೂ ನಿಜ. ಡ್ಯೂಕ್ ಸ್ವತಃ ಮೆಥಡಿಸ್ಟ್ ಮನೆತನದವರಾದರೂ ಪ್ರೆಸ್‌ಬಿಟೇರಿಯನ್ ಡೇವಿಡ್ಸನ್‌ಗೆ, ಬ್ಯಾಪ್ಟಿಸ್ಟ್ ಫರ್ಮನ್‌ಗೆ, ಕರಿಯರ ಜಾನ್ಸನ್ ಸಿ. ಸ್ಮಿತ್‌ಗೆ ಕಾಯಂ ಪಾಲು ಬರೆದರು. 1924ರ ದಕ್ಷಿಣದಲ್ಲಿ ಅದು ಸಣ್ಣ ಮಾತಲ್ಲ. ಆದರೆ ಆ ಪಾಲು ಬಂದದ್ದು ಬಿಳಿಯರಿಗೊಂದು ಕರಿಯರಿಗೊಂದು ಎಂಬ ಬೇರೆ ಬೇರೆ ಬಾಗಿಲುಗಳ ವ್ಯವಸ್ಥೆಯೊಳಗೇ. ಬಾಗಿಲನ್ನು ಒಂದಾಗಿಸಿದ್ದು ದಾನವಲ್ಲ, ಹೋರಾಟ ಮತ್ತು ಕೋರ್ಟು. ಆಸ್ಪತ್ರೆಗಳ ವಿಷಯದಲ್ಲಿ 1963ರ ನಿರ್ಣಾಯಕ ತೀರ್ಪು ಬಂದದ್ದೂ ಉತ್ತರ ಕೆರೊಲಿನಾದ ಗ್ರೀನ್ಸ್‌ಬರೊ ಊರಿನ ಕರಿಯ ದಂತವೈದ್ಯ ಜಾರ್ಜ್ ಸಿಮ್ಕಿನ್ಸ್ ಮತ್ತು ಜೊತೆಗಾರರು ಹೂಡಿದ ದಾವೆಯಲ್ಲಿ.

ಹಳ್ಳಿಯ ಚರ್ಚುಗಳ ಬಾಬತ್ತು ಹೊರಗಿನವರಿಗೆ ವಿಚಿತ್ರವಾಗಿ ಕಾಣಬಹುದು. 1,500ಕ್ಕಿಂತ ಕಡಿಮೆ ಜನ ಇರುವ ಊರುಗಳ ಮೆಥಡಿಸ್ಟ್ ಚರ್ಚುಗಳಿಗೆ ಮಾತ್ರ ಅದು. ಸಣ್ಣ ಊರಿನಲ್ಲಿ ಸಭೆ ಸೇರಲು, ಮದುವೆಗೆ, ಸಾವಿಗೆ ಇರುವ ಒಂದೇ ಸೂರು ಅದಾಗಿದ್ದ ಕಾಲ. ಈಗ ಅದೇ ಬಾಬತ್ತಿನಿಂದ ಹಳ್ಳಿಯ ಚರ್ಚುಗಳಲ್ಲಿ ಬೇಸಿಗೆ ರಜೆಯ ಓದಿನ ತರಗತಿಗಳು ನಡೆಯುತ್ತಿವೆ, ಓದಿನಲ್ಲಿ ಹಿಂದುಳಿದ ಚಿಕ್ಕ ಮಕ್ಕಳಿಗಾಗಿ. ಅನಾಥ ಮಕ್ಕಳ ಪಾಲೂ ಹೀಗೆಯೇ ರೂಪ ಬದಲಿಸಿತು. ದೊಡ್ಡ ಅನಾಥಾಲಯಗಳ ಕಾಲ ಮುಗಿಯಿತು. ಮಗು ತಬ್ಬಲಿಯಾಗುವ ಮೊದಲೇ, ಮನೆ ಒಡೆಯುವ ಮೊದಲೇ ಕೈಹಿಡಿಯಬೇಕು ಎಂಬ ತಿಳಿವಳಿಕೆ ಬಂತು. ಡರ್ಹಮ್‌ನಲ್ಲಿ ಹುಟ್ಟಿದ ಪ್ರತಿ ಮಗುವಿನ ಮನೆಗೂ, ಬಡವರು ಬಲ್ಲಿದರು ಎನ್ನದೆ, ನರ್ಸ್ ಒಬ್ಬರು ಬಂದು ತಾಯಿ–ಮಗುವನ್ನು ನೋಡಿ ಹೋಗುವ ವ್ಯವಸ್ಥೆ ಎಂಡೋಮೆಂಟಿನ ನೆರವಿನಿಂದಲೇ ಬೆಳೆದದ್ದು. ಬಾಣಂತನಕ್ಕೆ ತಾಯಿ ಊರಿಂದ ಬರಲು ವೀಸಾ ಸಿಗದ ನಮ್ಮ ಹೆಣ್ಣುಮಕ್ಕಳಿಗೆ ಆ ನರ್ಸಿನ ಒಂದು ಭೇಟಿಯ ಬೆಲೆ ಏನೆಂದು ಬಿಡಿಸಿ ಹೇಳಬೇಕಿಲ್ಲ.

ನೂರು ವರ್ಷ ಹಳೆಯ ಬರಹಕ್ಕೆ ಕಟ್ಟುಬಿದ್ದ ಸಂಸ್ಥೆ ಬದಲಾಗುವುದು ಹೇಗೆ? 1969ರ ತೆರಿಗೆ ಕಾಯ್ದೆ ಖಾಸಗಿ ಪ್ರತಿಷ್ಠಾನಗಳು ಒಂದೇ ಕಂಪನಿಯ ಷೇರುಗಳನ್ನು ರಾಶಿ ಹಾಕಿಕೊಳ್ಳುವುದಕ್ಕೆ ಮಿತಿ ತಂದಿತು. ವಿದ್ಯುತ್ ಕಂಪನಿಯ ಷೇರು ಬಿಡಬಾರದೆಂಬ ಮೂಲ ಕಟ್ಟು ಸಡಿಲವಾಗಲೇಬೇಕಾಯಿತು. ಕಾಲಕ್ರಮದಲ್ಲಿ ಹಣ ಬೇರೆ ಬೇರೆ ಕಡೆ ಹಂಚಿಹೋಯಿತು. ಬೆಂಜಮಿನ್ ಡ್ಯೂಕರ ಮೊಮ್ಮಗಳು ಮೇರಿ ಸೀಮನ್ಸ್ 1982ರಿಂದ 2001ರವರೆಗೆ ಅಧ್ಯಕ್ಷೆಯಾಗಿದ್ದರು, ಆ ಕುರ್ಚಿಯಲ್ಲಿ ಕೂತ ಮೊದಲ ಮಹಿಳೆ. ಹದಿನೈದು ಮಂದಿ ಟ್ರಸ್ಟಿಗಳು, ಅವರಲ್ಲಿ ಹೆಚ್ಚಿನವರು ಕೆರೊಲಿನಾಗಳವರೇ ಆಗಿರಬೇಕು ಎಂಬ ನಿಯಮ ಹಾಗೇ ಇದೆ. ವರ್ಷಕ್ಕೊಮ್ಮೆ ಅವರೆಲ್ಲ ಕೂತು ಮೂಲ ದಾನಪತ್ರವನ್ನು ಗಟ್ಟಿಯಾಗಿ ಓದಿ ಕೇಳುವ ಪದ್ಧತಿಯೂ ನಿಂತಿಲ್ಲ. ಪಾರಾಯಣದಂಥ ಈ ಪದ್ಧತಿ ನನಗೆ ತುಂಬ ಹಿಡಿಸಿದೆ. ಷೇರು ಮಾರಿದರು, ಅನಾಥಾಲಯ ಬಿಟ್ಟರು, ಚರ್ಚಿನಲ್ಲಿ ಶಾಲೆ ನಡೆಸಿದರು. ಆದರೆ ಯಾರಿಗಾಗಿ, ಯಾವ ಸೀಮೆಗಾಗಿ ಎಂಬುದು ಪ್ರತಿ ವರ್ಷ ಅವರ ಕಿವಿಗೆ ಬೀಳುತ್ತದೆ.

ಇಂದು ಎಂಡೋಮೆಂಟಿನ ಕಚೇರಿ ಷಾರ್ಲೆಟ್‌ನಲ್ಲಿದೆ. ಕೊಟ್ಟ ನೆರವಿನ ಒಟ್ಟು ಮೊತ್ತ ನೂರಾರು ಕೋಟಿ ಡಾಲರ್ ದಾಟಿದೆ. ರಾಂಕಿನ್ ಎಣಿಸಲು ಕಲಿಸಿದ ಧರ್ಮಾರ್ಥ ಹಾಸಿಗೆಗಳ ಪ್ರಶ್ನೆ ಮಾತ್ರ ಹಳೆಯದಾಗಿಲ್ಲ. ಹಳ್ಳಿಗಾಡಿನ ಆಸ್ಪತ್ರೆಗಳು ದೇಶದೆಲ್ಲೆಡೆ ಬಾಗಿಲು ಮುಚ್ಚುತ್ತಿವೆ, ಕೆರೊಲಿನಾಗಳಲ್ಲೂ ಮುಚ್ಚಿವೆ. ವಿಮೆಯಿಲ್ಲದ ರೋಗಿಯ ಖರ್ಚು ಯಾರದು ಎಂಬುದೇ ಅದರ ಒಂದು ದೊಡ್ಡ ಕಾರಣ. ಉತ್ತರ ಕೆರೊಲಿನಾ 2023ರ ಡಿಸೆಂಬರ್ 1ರಿಂದ ಮೆಡಿಕೇಡ್ ಎಂಬ ಸರ್ಕಾರಿ ಆರೋಗ್ಯ ವಿಮೆಯನ್ನು ವಿಸ್ತರಿಸಿ ಲಕ್ಷಾಂತರ ಬಡವರನ್ನು ಅದರೊಳಗೆ ತಂದಿತು. ದಕ್ಷಿಣ ಕೆರೊಲಿನಾ ಇನ್ನೂ ಆ ಹೆಜ್ಜೆ ಇಟ್ಟಿಲ್ಲ. ಹಾಗಾಗಿ ದಾನಪತ್ರ ಒಂದೇ ಸೀಮೆ ಎಂದು ಬರೆದ ಎರಡು ರಾಜ್ಯಗಳಲ್ಲಿ, ಗಡಿಯ ಆಚೆ ಈಚೆ ಒಂದೇ ಕೂಲಿ ದುಡಿಯುವ ಇಬ್ಬರಲ್ಲಿ ಒಬ್ಬರಿಗೆ ಆಸ್ಪತ್ರೆಯ ಕಾರ್ಡು ಇದೆ, ಇನ್ನೊಬ್ಬರಿಗೆ ಇಲ್ಲ. ಎಂಡೋಮೆಂಟಿನ ಆರೋಗ್ಯ ವಿಭಾಗಕ್ಕೆ ಎರಡನೇ ಶತಮಾನದ ಕೆಲಸ ಅಲ್ಲಿಂದಲೇ ಶುರು.